ಗುಡ್ಡ ಎಡಕ್ಕೆ

ಮುಳುಗಿದ ಊರನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿರುವಾಗ, ಕಾಣದವನೊಬ್ಬ ಅದರ ಬಗ್ಗೆ ಬಾಯಿ ತೆರೆಯುವುದು ಉದ್ಧಟತನವೇ. ಕಂಡವರು ಕ್ಷಮಿಸಬೇಕು. ಹೇಳಹೊರಟಿರುವುದು ಊರಿನ ಕಥೆಯೂ ಅಲ್ಲ, ಒಂದು ಭಾನುವಾರದ ಬೆಳಿಗ್ಗೆ ಮಂಜುನಾಥಪ್ಪ ಎಂಬವನ ಮನಸ್ಸಿನೊಳಗೆ ನಡೆದದ್ದು. ಅವನಂತೂ ಇದನ್ನು ಯಾರಿಗೂ ಹೇಳುವವನಲ್ಲ. ಹೇಳಿದರೂ ಅರ್ಧಕ್ಕೆ ನಿಲ್ಲಿಸಿ, ಇರಲಿ ಬಿಡಿ, ನನಗೆ ಸರಿಯಾಗಿ ಗೊತ್ತಿಲ್ಲ, ಎನ್ನುವ ಪೈಕಿ.

ಟೆಂಪೊ ಟ್ರಾವೆಲರ್ ಡಾಂಬರು ಬಿಟ್ಟು ಹಿನ್ನೀರಿನ ಕಡೆಯ ಮಣ್ಣುದಾರಿಗೆ ಇಳಿದಾಗ, ಮುಂದಿನ ಸೀಟಿನಲ್ಲಿ ಅವನ ಸೋದರಮಾವನ ಮಗ ದಿನೇಶನ ಕೈಯಲ್ಲಿದ್ದ ಫೋನು "ಬಲಕ್ಕೆ ತಿರುಗಿ" ಎಂದಿತು. ನೇರಲಬೈಲಿಗೆ ದಾರಿ ತೋರಿಸುತ್ತಿದ್ದ ಆ ಹೆಣ್ಣುದನಿಗೆ ಊರಿನ ಹೆಸರನ್ನು ಒಡೆಯದೆ ಹೇಳಲು ಬರುತ್ತಿರಲಿಲ್ಲ. ನೇರಲ್, ಸ್ವಲ್ಪ ಬಿಟ್ಟು, ಬೈಲು ಎನ್ನುತ್ತಿತ್ತು. ಪ್ರತಿ ಸಲ ಅದು ಹಾಗೆಂದಾಗಲೂ ಮಂಜುನಾಥಪ್ಪನಿಗೆ ಯಾರೋ ತನ್ನ ಹೆಸರನ್ನೇ ಹಾಜರಿ ಕೂಗಿದಂತಾಗಿ ಬೆನ್ನು ನೆಟ್ಟಗಾಗುತ್ತಿತ್ತು. ಆ ಹೆಸರನ್ನು ಅಲ್ಲಿ ಟೈಪ್ ಮಾಡಿದವನು ಅವನೇ. ಅರವತ್ತು ವರ್ಷಗಳಿಂದ ಯಾವ ಬೋರ್ಡಿನಲ್ಲೂ, ಬಸ್ಸಿನ ಹಣೆಯ ಮೇಲೂ ಇಲ್ಲದ ಊರು, ಕಾರ್ಗಲ್ಲಿನ ಕಚೇರಿಯಲ್ಲಿ ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ಬುತ್ತಿ ಮುಚ್ಚಿ ಕೈ ಒರೆಸಿಕೊಂಡು ಒತ್ತಿದ ಬೆರಳಿನಿಂದ ಮ್ಯಾಪಿನ ಮೇಲೆ ಕೆಂಪು ಗುರುತಾಗಿ ಎದ್ದು ನಿಂತಿತ್ತು. ಅಣೆಕಟ್ಟೆಯ ಕೆಲಸದಲ್ಲಿದ್ದುಕೊಂಡು, ಅಣೆಕಟ್ಟೆಯ ನೀರು ನುಂಗಿದ ಅವ್ವನ ತವರನ್ನು ತಾನು ಮರಳಿ ತಂದೆ ಎಂಬ ಹೆಮ್ಮೆಯಲ್ಲಿ ಆ ದಿನ ಅವನು ಕ್ವಾರ್ಟರ್ಸಿಗೆ ನಡೆದು ಹೋಗುವಾಗ ಸುಮ್ಮನೆ ನಗುತ್ತಿದ್ದ, ಎದುರಿಗೆ ಸಿಕ್ಕ ಕ್ಯಾಂಟೀನಿನವರು "ಎಂತ ಮಂಜಣ್ಣ, ಪ್ರಮೋಶನ್ನಾ?" ಎಂದು ಕೇಳಿದ್ದರು.

ಹಿಂದಿನ ಸೀಟಿನಲ್ಲಿ ಅವ್ವ ಕನ್ನಮ್ಮ ತನ್ನ ತಂಗಿ ದುರ್ಗಮ್ಮನ ಕೈ ಹಿಡಿದು ಕುಳಿತಿದ್ದಳು. ದುರ್ಗಮ್ಮ ಹೊಸನಗರದಿಂದ ಹಿಂದಿನ ದಿನವೇ ಬಂದಿದ್ದಳು. ಊರು ಬಿಡುವಾಗ ದುರ್ಗಮ್ಮ ಸೊಂಟದ ಮೇಲಿನ ಕೂಸು, ಕನ್ನಮ್ಮ ಅವಳನ್ನು ಎತ್ತಿಕೊಂಡು ನಡೆದ ಹುಡುಗಿ. ಇಬ್ಬರಿಗೂ ಓದು ಬರುವುದಿಲ್ಲ. ಆದರೆ ಫೋನಿನ ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡುವುದನ್ನು ಮಂಜುನಾಥಪ್ಪನ ಮಗಳು ಆಶಾ ಕಲಿಸಿದ ಮೇಲೆ, ದಿನವೂ ಸಾಗರ ಸೀಮೆಯಿಂದ ಹೊಸನಗರಕ್ಕೆ, ಹೊಸನಗರದಿಂದ ಇತ್ತ, ಇಬ್ಬರ ದನಿ ಓಡಾಡುತ್ತಿತ್ತು. ಅವ್ವ ಫೋನನ್ನು ಕಿವಿಗಿಡದೆ ಬಾಳೆಲೆಯಂತೆ ಅಂಗೈ ಮೇಲೆ ಹರವಿ ಅದಕ್ಕೆ ಬಾಗಿ ಮಾತಾಡುವಳು, ಕೊನೆಗೆ "ಇಡ್ತೆ ಮತ್ತೆ" ಎಂದು ಅಪ್ಪಣೆ ಕೇಳಿ, ಆ ಕಡೆಯಿಂದ ಉತ್ತರ ಬರಲಿಲ್ಲವೆಂದು ಸ್ವಲ್ಪ ಹೊತ್ತು ಕಾಯುವಳು. ಆಶಾಳದ್ದು ಬೇರೆ ರೀತಿ. ಅವಳು ಫೋನಿನಲ್ಲಿ ಹಾಕಿದ್ದು ಒಂದು ದಿನ ಇದ್ದು ತಾನೇ ಅಳಿಸಿಹೋಗುತ್ತದೆ; ಅದೇ ಚಂದ ಅಪ್ಪ, ಎನ್ನುತ್ತಾಳೆ. ಮಂಜುನಾಥಪ್ಪನಿಗೋ ಯಾವುದನ್ನೂ ಅಳಿಸಲು ಆಗುವುದಿಲ್ಲ. ಯಾರು ಏನು ಕಳಿಸಿದರೂ ಕೊನೆಯ ಸಾಲಿನವರೆಗೆ ಓದುತ್ತಾನೆ, "ಧನ್ಯವಾದಗಳು" ಎಂದು ಪೂರ್ತಿ ಬರೆದು ಚುಕ್ಕಿ ಇಡುತ್ತಾನೆ. ಸಂಜೆ ಕಾಲೇಜಿನಲ್ಲಿ, ಪಾಳಿ ಮುಗಿಸಿ ಬಸ್ಸಿನಲ್ಲಿ ಸಾಗರಕ್ಕೆ ಹೋಗಿ ತೂಕಡಿಸುತ್ತ ಓದಿ ಪದವಿ ಪಡೆದವನಿಗೆ, ಅಚ್ಚಾದದ್ದೆಲ್ಲ ಪರೀಕ್ಷೆಗೆ ಬರಬಹುದು ಎಂಬ ಹೆದರಿಕೆ ಇನ್ನೂ ಹೋಗಿಲ್ಲ.

ಗುರುತು ಹಾಕುವ ಮೊದಲು ಅವನು ವಿಚಾರಿಸದೆ ಇರಲಿಲ್ಲ. ಕಚೇರಿಯಿಂದಲೇ ಫೋನು ಮಾಡಿ, ಅವ್ವ, ನಿಮ್ಮೂರಿಂದ ಗುಡ್ಡ ಯಾವ ಕಡೆಗೆ, ಎಂದು ಕೇಳಿದ್ದ. ಎಡಕ್ಕೆ, ಎಂದಿದ್ದಳು. ಹೊಳೆ? ಬಲಕ್ಕೆ. ಬೇಸಿಗೆಯಲ್ಲಿ ಆಕಾಶದಿಂದ ತೆಗೆದ ಚಿತ್ರದಲ್ಲಿ, ನೀರು ಸರಿದ ಬೂದು ನೆಲದಲ್ಲಿ, ಎಡಕ್ಕೆ ಗುಡ್ಡ, ಬಲಕ್ಕೆ ಹೊಳೆಯ ಜಾಡು, ನಡುವೆ ಕಟ್ಟೆಯ ಹಾಗೆ ಕಾಣುವ ಒಂದು ಚೌಕ, ಎಲ್ಲವೂ ಸಿಕ್ಕಿತ್ತು. ಅನುಮಾನಕ್ಕೆ ಎಲ್ಲಿತ್ತು ಜಾಗ? ಆಮೇಲೆ ಒಂದು ಬೆಳಿಗ್ಗೆ ಕ್ವಾರ್ಟರ್ಸಿನ ಅಡಿಗೆಮನೆಯಲ್ಲಿ ಅವ್ವ ಅಕ್ಕಿ ಆರಿಸುತ್ತ ಯಾರಿಗೂ ಅಲ್ಲದೆ ಹೇಳಿದಳು: "ಬೆಳಿಗ್ಗೆ ಬಾಗ್ಲು ತೆಗದ್ರೆ ಬಿಸ್ಲು ಮುಖಕ್ಕೇ ಹೊಡೀತಿತ್ತು. ಕಣ್ಣು ಕಿರಿದು ಮಾಡ್ಕಂಡು ಎಡಕ್ಕೆ ನೋಡಿದ್ರೆ ಗುಡ್ಡ." ಮಂಜುನಾಥಪ್ಪ ಚಹದ ಲೋಟ ಹಿಡಿದು ಕಿಟಕಿಯ ಬಿಸಿಲಿಗೆ ಮುಖಮಾಡಿ ನಿಂತ. ಎಡಗೈಯನ್ನು ಸ್ವಲ್ಪವೇ ಎತ್ತಿದ. ಕೈ ಉತ್ತರವನ್ನು ತೋರಿಸುತ್ತಿತ್ತು. ಅವ್ವನ ಎಡ ಹೊಸಿಲ ಮೇಲೆ ನಿಂತವಳ ಎಡ. ತಾನು ತಿಳಿದದ್ದು ಪರದೆಯ ಎಡ, ಪಡುವಣ. ಚಹ ಆರಿತು. ಹೆಂಡತಿ "ಎಂತ, ಸೂರ್ಯನಮಸ್ಕಾರನಾ?" ಎಂದು ಕೇಳಿ ಒಳಗೆ ಹೋದಳು.

ಆಗಲೇ ತೆಗೆದುಬಿಡಬೇಕಿತ್ತು. ತೆಗೆಯಲು ಕುಳಿತದ್ದೂ ಉಂಟು. ಆದರೆ ಅಷ್ಟರಲ್ಲಿ ಕೋಣಂದೂರಿನಿಂದ ದಿನೇಶ, ಅವ್ವನ ತಮ್ಮನ ಮಗ, ಬೈಕಿನಲ್ಲಿ ಆ ಗುರುತು ಹಿಡಿದು ಹೋಗಿ ಒಂದು ಕಲ್ಲನ್ನು ಊರದೇವತೆ ಚೌಡಿಯೆಂದು ಗುರುತಿಸಿ ಕುಂಕುಮ ಬಳಿದು ಬಂದಿದ್ದ. ಫೋಟೋಗಳು ಬಿದ್ದಿದ್ದವು. ಅಪರಿಚಿತರು ಬಂದು ನಕ್ಷತ್ರ ಕೊಟ್ಟಿದ್ದರು; ಒಬ್ಬ "ಪ್ರಶಾಂತ ಸ್ಥಳ, ಪಾರ್ಕಿಂಗ್ ಇದೆ, ಹೋಟೆಲ್ ಇಲ್ಲ" ಎಂದು ಬರೆದಿದ್ದ. ಆಶಾ ಅಲ್ಲಿ ಕಡಿದ ಮರಗಳ ಜೋಡಿ ಬೊಡ್ಡೆಯ ಮೇಲೆ ಕುಳಿತು ಮಾಡಿದ ರೀಲನ್ನು ಎಷ್ಟು ಜನ ನೋಡಿದರೆಂದರೆ, ಬಸ್ಸಿನಲ್ಲಿ ಗುರುತಿಲ್ಲದ ಹುಡುಗಿಯರು ಅವಳನ್ನು ಮಾತಾಡಿಸುತ್ತಿದ್ದರು. ಬದಲಾವಣೆ ಸೂಚಿಸಿ ಎಂಬಲ್ಲಿ ಒತ್ತಿದರೆ ಫೋನು ಅವನಿಗೆ ಕಾರಣಗಳನ್ನು ಕೊಟ್ಟಿತು. ಇಂಥ ಸ್ಥಳ ಇಲ್ಲ. ಶಾಶ್ವತವಾಗಿ ಮುಚ್ಚಿದೆ. ಆ ಎರಡು ಸಾಲುಗಳನ್ನು ನೋಡುತ್ತ ಕುಳಿತವನಿಗೆ, ಯಾವುದನ್ನು ಒತ್ತಿದರೂ ಅವ್ವನ ಊರನ್ನು ಎರಡನೆಯ ಸಲ ಮುಳುಗಿಸಿದಂತೆ ಎನಿಸಿ, ಬೆರಳು ಹಿಂದೆ ಸರಿದಿತ್ತು. ಅಂದಿನಿಂದ ಪ್ರತಿ ಬೇಸಿಗೆ, 'ನೇರಲಬೈಲು ಬಳಗ' ಎಂಬ ಗುಂಪಿನಲ್ಲಿ ಬೆಳಿಗ್ಗೆ ಜಲಾಶಯದ ನೀರಿನ ಮಟ್ಟ ಹಾಕುವಾಗಲೆಲ್ಲ ಅವನು ಅಂಕಿಯನ್ನು ಎರಡು ಸಲ ನೋಡುತ್ತಿದ್ದ. ನೀರು ಇಳಿದರೆ ಜನ ಹೋಗುತ್ತಾರೆ, ಹೋಗಿ ಆ ಕಲ್ಲಿಗೆ ಕೈಮುಗಿಯುತ್ತಾರೆ. ಅವನು ಒಂದು ಸಲವೂ ಹೋಗಿರಲಿಲ್ಲ. ಪಾಳಿ ಇದೆ ಎನ್ನುತ್ತಿದ್ದ. ಅವ್ವನೂ ಹೋಗಿರಲಿಲ್ಲ. "ನೀರಿಗೆ ಹೋಗಿದ್ದು ಹೋತು, ಕೆಸ್ರು ನೋಡಿ ಎಂತ ಮಾಡದು?" ಎನ್ನುತ್ತಿದ್ದಳು. ಈ ವರ್ಷ ದಿನೇಶ ಗುಂಪಿನಲ್ಲಿ, ಚೌಡಿಗೆ ಸಿಮೆಂಟಿನ ಕಟ್ಟೆ ಕಟ್ಟೋಣ, ಮೂಲ ಊರಿನವರ ಕೈಯಲ್ಲೇ ಮೊದಲ ಕಲ್ಲು ಇಡಿಸೋಣ ಎಂದ. ಹೋಗೋಣವೆಂದು ದುರ್ಗಮ್ಮ ಒಂದೇ ಸಮನೆ ದನಿ ಕಳಿಸಿದಳು. ಅವ್ವ ಪೆಟ್ಟಿಗೆಯಿಂದ ಕಡ್ಡಿಸೀರೆ ತೆಗೆದಳು.

ಈಗ ಕಾಲಡಿ ಸಿಮೆಂಟಿನ ಚೀಲ ವ್ಯಾನು ಕುಲುಕಿದಂತೆಲ್ಲ ಅವನ ಕಣಕಾಲಿಗೆ ತಾಗುತ್ತಿತ್ತು. ಕಲ್ಲಿಗೆ ಬಳಿದ ಕುಂಕುಮವನ್ನು ನೀರು ಬಂದು ತೊಳೆಯುತ್ತದೆ. ಸಿಮೆಂಟನ್ನು ತೊಳೆಯುವುದಿಲ್ಲ. ಇಷ್ಟು ಸರಳವಾಗಿ ಅದು ಅವನಿಗೆ ಈವರೆಗೆ ಹೊಳೆದಿರಲಿಲ್ಲ. ಅವ್ವ ಇಳಿದ ಕೂಡಲೆ ಹೇಳುತ್ತಾಳೆ, ಇದು ನಮ್ಮೂರಲ್ಲ ಅಂತ. ಎಲ್ಲರೂ ತನ್ನ ಕಡೆಗೆ ತಿರುಗುತ್ತಾರೆ. ಆ ಕ್ಷಣವನ್ನು ಅವನು ಮೂರು ಬೇಸಿಗೆ ಮನಸ್ಸಿನಲ್ಲಿ ಅನುಭವಿಸಿದ್ದ. ಎಷ್ಟೆಂದರೆ, ಈಗ ಅದು ಬಂದುಬಿಡಲಿ, ಮುಗಿದುಹೋಗಲಿ ಎಂಬ ಆಸೆಯೂ ಅದರೊಳಗೆ ಸೇರಿಕೊಂಡಿತ್ತು. ಅವ್ವ ಹೇಳಿಬಿಟ್ಟರೆ ತಾನು ಹೇಳುವುದು ತಪ್ಪುತ್ತದಲ್ಲ.

"ನೀವು ನಿಮ್ಮ ಗಮ್ಯಸ್ಥಾನ ತಲುಪಿದ್ದೀರಿ" ಎಂದಿತು ಫೋನು. ಗಾಳಿ ಬೀಸುತ್ತಿತ್ತು. ಎತ್ತ ನೋಡಿದರೂ ಬಿರಿದ ಕೆಸರು, ಅದರ ಮೇಲೆ ಎಳೆಯ ಹುಲ್ಲು, ಮೇಯುವ ಯಾರದೋ ದನಗಳು, ಕಪ್ಪು ಬೊಡ್ಡೆಗಳು. ದೂರದಲ್ಲಿ ಇಳಿಯದೆ ಉಳಿದ ನೀರು ತಗಡಿನಂತೆ ಮಿನುಗುತ್ತಿತ್ತು. ಗಾರೆಯವನು ಇಟ್ಟಿಗೆ ಇಳಿಸತೊಡಗಿದ. ಅವ್ವ ಇಳಿದಳು, ಚಪ್ಪಲಿ ಬಿಟ್ಟಳು. ಸುತ್ತ ನೋಡಿದಳು.

"ಇದೇ ಅಲ್ದನೇ ದುರ್ಗಿ," ಎಂದಳು ಅವ್ವ. ಅಂಗೈಯಿಂದ ಕಣ್ಣೊರೆಸಿಕೊಂಡಳು. "ಅಗಾ, ಜೋಡಿ ಬೊಡ್ಡೆ. ಅದರ ಹತ್ರವೇ ನಮ್ಮ ಕೊಟ್ಟಿಗೆ. ಆ ಸೊಟ್ಟ ಕಲ್ಲು. ಎಂತಾ ಬದಲಾಗ್ಲ ನೋಡು."

ಅವನಿಗೆ ಮೊದಲು ಬಂದದ್ದು ಬಿಡುಗಡೆಯ ನಿಟ್ಟುಸಿರು. ಹಾಗಾದರೆ ಸರಿಯಾಗಿಯೇ ಇತ್ತು! ಎಡವೂ ಬಲವೂ ತನ್ನ ತಲೆಯ ಗೊಂದಲ, ಅವ್ವನ ಕಣ್ಣು ಒಪ್ಪಿತಲ್ಲ. ದಿನೇಶ ಫೋನು ಎತ್ತಿ ಹಿಡಿದು "ಅತ್ತೆ, ಇನ್ನೊಂದ್ಸಲ ಹೇಳಿ, ವಿಡಿಯೋ ಮಾಡ್ತೀನಿ" ಎಂದ. ಅವ್ವ ಸೆರಗು ಸರಿಮಾಡಿಕೊಂಡು ಮತ್ತೆ ಹೇಳಿದಳು, ಜೋಡಿ ಬೊಡ್ಡೆ, ಕೊಟ್ಟಿಗೆ, ಸೊಟ್ಟ ಕಲ್ಲು. ಅದೇ ಕ್ರಮ. ಎರಡನೆಯ ಸಲ ಕೇಳಿದಾಗ ಮಂಜುನಾಥಪ್ಪನಿಗೆ ಆ ಕ್ರಮ ಎಲ್ಲಿಯದೆಂದು ಗೊತ್ತಾಯಿತು. ಆಶಾಳ ರೀಲಿನದು. ಮೊದಲು ಬೊಡ್ಡೆ, ಆಮೇಲೆ ಕ್ಯಾಮೆರಾ ತಿರುಗಿ ಸೊಟ್ಟ ಕಲ್ಲು. ಊಟವಾದ ಮೇಲೆ ಗೋಡೆಗೊರಗಿ ಕಾಲು ಚಾಚಿ, ಅವ್ವ ಅದನ್ನು ಎಷ್ಟು ಸಲ ನೋಡಿದ್ದಾಳೆ! ದುರ್ಗಮ್ಮನಿಗೆ ಎಷ್ಟು ಸಲ ವರ್ಣಿಸಿದ್ದಾಳೆ! ಅದಕ್ಕೂ ಹಿಂದೆ, ತಾನು ಚಿಕ್ಕವನಿದ್ದಾಗ ಅವಳು ಹೇಳುತ್ತಿದ್ದ ನೇರಲಬೈಲಿನಲ್ಲಿ ಬೊಡ್ಡೆಯ ಸುದ್ದಿಯೇ ಇರಲಿಲ್ಲ. ಏನಿತ್ತು ಅದರಲ್ಲಿ? ನೆನಪು ಮಾಡಿಕೊಳ್ಳಲು ಹೋದರೆ ಅವನಿಗೂ ಆ ರೀಲೇ ಕಾಣುತ್ತಿತ್ತು, ಹಿನ್ನೆಲೆಯ ಸಂಗೀತದ ಸಮೇತ.

"ಅಜ್ಜಿ," ಎಂದಳು ಆಶಾ, ನಗುತ್ತ, ಏನೂ ಕೆಟ್ಟ ಮನಸ್ಸಿಲ್ಲದೆ, "ನೀನಿದ್ದಾಗ ಅದು ಬೊಡ್ಡೆ ಹೆಂಗಾಗ್ತದೆ? ಮರ ಇರ್ಬೇಕಲ್ದಾ?"

ಯಾರೋ ಗೊಳ್ಳೆಂದರು. "ಅತ್ತೆ ಹುಟ್ಟೋದ್ರೊಳಗೇ ಕಡಿದಿದ್ರು ಕಾಣ್ತದೆ," ಎಂದ ದಿನೇಶ. ಅವ್ವನೂ ನಕ್ಕಳು, ಆದರೆ ಬಾಯಿಗೆ ಸೆರಗು ಹೋಯಿತು. ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ಬಾರದೆ ಅಂಗೈ ಚಾಚಿ ನಿಲ್ಲುವಾಗ ಅವಳ ಮುಖದಲ್ಲಿ ಬರುವ ನಗು ಅದು. ಮಂಜುನಾಥಪ್ಪನಿಗೆ ಅದು ಗೊತ್ತು. ಸಂಜೆ ಕಾಲೇಜಿನಲ್ಲಿ ಇಂಗ್ಲಿಷ್ ಓದಲು ಎಬ್ಬಿಸಿದಾಗ ತನ್ನ ಮುಖದಲ್ಲೂ ಬರುತ್ತಿದ್ದ ನಗು. ತಪ್ಪು ತನ್ನದೆಂದು ಅವಳು ತಿಳಿದಿದ್ದಾಳೆ. ಅವಳ ಊರನ್ನು ಮೊದಲು ನೀರು ಒಯ್ದಿತ್ತು. ಅವಳೊಳಗೆ ಉಳಿದಿದ್ದ ಊರಿನ ಮೇಲೆ ತಾನು ಈ ಕೆಸರನ್ನು ತಂದು ಸುರಿದೆ. ಈಗ ಸುಮ್ಮನಿದ್ದರೆ ಗಾರೆಯವನು ಇಟ್ಟಿಗೆ ಇಡುತ್ತಾನೆ, ಎಲ್ಲರೂ ಸಂತೋಷವಾಗಿ ಊಟ ಮಾಡುತ್ತಾರೆ, ಯಾರಿಗೂ ಎಂದೂ ತಿಳಿಯುವುದಿಲ್ಲ. ಹೇಳಿದರೆ ಅವ್ವನ ಈ ಕಣ್ಣೀರು ಸುಳ್ಳಾಗುತ್ತದೆ. ಎರಡನ್ನೂ ತೂಗುತ್ತ ನಿಂತವನು, ತಾನು ಆಗಲೇ ಮಾತಾಡುತ್ತಿದ್ದೇನೆ ಎಂಬುದನ್ನು ತನ್ನ ದನಿ ಕೇಳಿ ತಿಳಿದ.

"ದಿನೇಶ, ನಿಲ್ಸು. ಇದು ನೇರಲಬೈಲಲ್ಲ. ಆ ಗುರುತು ಹಾಕಿದ್ದು ನಾನು. ತಪ್ಪು ಹಾಕಿದ್ದೀನಿ."

ದಿನೇಶ ಫೋನು ಇಳಿಸಲಿಲ್ಲ. "ಎಂತ ಭಾವ, ತಮಾಷೆನಾ?"

"ತಮಾಷೆ ಅಲ್ಲ. ಅವ್ವ ಎಡಕ್ಕೆ ಅಂದಿದ್ದು ಮನೆ ಬಾಗ್ಲಲ್ಲಿ ನಿಂತು. ನಾನು ಮ್ಯಾಪಲ್ಲಿ ಎಡಕ್ಕೆ ನೋಡಿದೆ."

"ನಾಕು ವರ್ಷದಿಂದ ಗೊತ್ತಿತ್ತಾ ನಿಮಗೆ?"

"ಮೂರು."

"ಹಂಗಾರೆ ನಾವು ಇಷ್ಟು ದಿನ ಕೈ ಮುಗ್ದಿದ್ದು ಯಾರಿಗೆ ಮಾರಾಯ್ರೆ? ಕೋಳಿ ಕೊಟ್ಟಿದ್ದೀವಿ!"

"ಕೋಳಿ ತಿಂದಿದ್ದು ನೀವೇ ಅಲ್ದನಾ," ಎಂದಳು ದುರ್ಗಮ್ಮ. ಯಾರೂ ನಗಲಿಲ್ಲ. ದಿನೇಶನ ಮುಖ ಕೆಂಪಾಗಿತ್ತು. "ಓದಿದೋರು ಅಂತ ನಂಬಿದ್ದಕ್ಕೆ..." ಎಂದು ಶುರುಮಾಡಿ, ಮುಂದಿನದನ್ನು ನುಂಗಿಕೊಂಡ. ನುಂಗಿದ್ದು ಎಲ್ಲರಿಗೂ ಕೇಳಿಸಿತು. ಮಂಜುನಾಥಪ್ಪನಿಗೆ ಆಶ್ಚರ್ಯವಾದದ್ದು, ಇಷ್ಟು ವರ್ಷ ಹೆದರಿದ ಆ ನೋಟಗಳು ಒಟ್ಟಾಗಿ ಬಂದು ಬಿದ್ದರೂ ತಾನು ನಿಂತೇ ಇದ್ದೇನೆ ಎಂಬುದು. ಅವನು ಅವ್ವನ ಹತ್ತಿರ ಹೋದ.

"ಅವ್ವ, ಫೋನಲ್ಲಿ ನೋಡಿದ್ದೆಲ್ಲ ಬಿಡು. ಬಾಗ್ಲು ತೆಗದ ಹಂಗೆ ನಿಂತ್ಕ. ಬಿಸ್ಲು ಮುಖಕ್ಕೆ ಬರ್ಲಿ."

ಅವಳು ಅವನನ್ನು ಒಂದು ಗಳಿಗೆ ನೋಡಿದಳು, ಬೈಯಲೋ ಬೇಡವೋ ಎಂಬಂತೆ. ಆಮೇಲೆ ತಿರುಗಿದಳು. ಬೆಳಗಿನ ಸೂರ್ಯ ಎದುರಿಗಿದ್ದ. ಕಣ್ಣು ಕಿರಿದಾಯಿತು. ಎಡಗೈ ತಾನಾಗಿಯೇ ಸ್ವಲ್ಪ ಎದ್ದು, ಅಲ್ಲಿ ಬರಿಯ ಬಯಲು ಕಂಡು, ಗಾಳಿಯಲ್ಲೇ ನಿಂತಿತು. ಗುಡ್ಡ ಅವಳ ಬೆನ್ನಿಗಿತ್ತು. ತಿರುಗಿ ಅದನ್ನು ನೋಡಿದಳು, ಮತ್ತೆ ಸೂರ್ಯನನ್ನು. ಬಾಯಿಯೊಳಗೆ ಏನೋ ಗೊಣಗಿಕೊಂಡಳು.

"ಇದಲ್ಲ," ಎಂದಳು. ದನಿಯಲ್ಲಿ ಅಳು ಇರಲಿಲ್ಲ. ಸಂತೆಯಲ್ಲಿ ಹುಳುಕು ಬದನೆ ಹಿಂದಕ್ಕೆ ಕೊಡುವವಳ ದನಿ. "ಎಂತ ಕರ್ಮ, ನಂಗೂ ಇದೇ ಅಂತ ಆಗಿಹೋಗಿತ್ತು. ದಿನಾ ನೋಡಿ ನೋಡಿ. ನೀನೂ ಒಬ್ಬ. ಆಗ್ಲೇ ಬೊಗಳೂಕೆ ಎಂತಾಗಿತ್ತು?"

ಉತ್ತರಕ್ಕೆ ಅವಳು ಕಾಯಲಿಲ್ಲ. ನಡೆಯತೊಡಗಿದಳು, ಬರಿಗಾಲಲ್ಲಿ, ಬಿರುಕುಗಳನ್ನು ದಾಟುತ್ತ, ಆಗಾಗ ನಿಂತು ಸೂರ್ಯನಿಗೆ ಮುಖಮಾಡಿ, ಗುಡ್ಡ ಎಲ್ಲಿ ಬಂತೆಂದು ಓರೆಗಣ್ಣಲ್ಲಿ ನೋಡುತ್ತ. ಅವನೂ ಆಶಾಳೂ ಹಿಂದೆ. ಗುಡ್ಡ ಬೆನ್ನಿನಿಂದ ಭುಜಕ್ಕೆ ಬಂತು, ಭುಜದಿಂದ ಇನ್ನೂ ಮುಂದೆ ಸರಿಯಿತು. ದಕ್ಷಿಣಕ್ಕೆ ಬಳಸಿ ಬಹಳ ದೂರ ಬಂದಿದ್ದರು. ವ್ಯಾನು ಸಣ್ಣದಾಗಿ ಕಾಣುತ್ತಿತ್ತು. ಆಶಾ ಫೋನನ್ನು ಎತ್ತಲಿಲ್ಲ. ಅಜ್ಜಿಯ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಹುಲ್ಲು ಮುಗಿಯಿತು, ಕೆಸರು ಮೆತ್ತಗಾಯಿತು, ಕಪ್ಪೆಚಿಪ್ಪು ಕಾಲಿಗೆ ಚುಚ್ಚತೊಡಗಿತು. ಅವ್ವ ನಿಂತಳು. ಎದುರಿಗೆ ನೀರು.

ಗುಡ್ಡ ಇನ್ನೂ ಪೂರ್ತಿ ಎಡಕ್ಕೆ ಬಂದಿರಲಿಲ್ಲ. ಬರಬೇಕಾದರೆ ನೀರಿನೊಳಗೆ ಇನ್ನಷ್ಟು ನಡೆಯಬೇಕಿತ್ತು.

"ಅಲ್ಲಿ ಇರ್ಬೌದಾ?" ಎಂದ ಮಂಜುನಾಥಪ್ಪ, ಹೊಳೆಯುವ ಬಯಲನ್ನು ತೋರಿಸಿ.

"ಇರ್ಬೌದು."

"ಖಾತ್ರಿಯಾ?"

"ಖಾತ್ರಿ ಕೇಳ್ತಾನೆ ನೋಡು! ಮೂರು ವರ್ಷ ಸುಮ್ನಿದ್ದಂವ." ಅವಳು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮೊಣಕಾಲಷ್ಟು ನೀರಿಗಿಳಿದಳು. ಆಶಾ ಅವಳ ರಟ್ಟೆ ಹಿಡಿದಳು. ಅವ್ವ ಬಾಗಿ ನೀರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ಬೊಗಸೆಯಷ್ಟು ತೆಗೆದು ಬಾಯಿ ಮುಕ್ಕಳಿಸಿ ಉಗುಳಿದಳು. ದೇವರಿಗೆ ಮಾಡಿದ್ದೋ, ದಾಹಕ್ಕೆ ಮಾಡಿದ್ದೋ, ಅವನಿಗೆ ತಿಳಿಯಲಿಲ್ಲ. "ದುರ್ಗೀನ ಕರಿ," ಎಂದಳು. "ಹಣ್ಣುಕಾಯಿ ಇಲ್ಲೇ ಮಾಡದು. ಊಟಕ್ಕೆ ಹೊತ್ತಾತು."

"ಸಿಮೆಂಟ್ ಎಂತ ಮಾಡದು ಅತ್ತೆ?" ದಿನೇಶ ಹಿಂದಿನಿಂದ ಏದುಸಿರು ಬಿಡುತ್ತ ಬಂದಿದ್ದ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಮಂಜುನಾಥಪ್ಪನ ಕಡೆ ನೋಡುತ್ತಿರಲಿಲ್ಲ.

"ನಿಮ್ಮನೆ ಬಚ್ಚಲು ಸೋರ್ತದೆ ಅಂತಿದ್ದೆಲ, ಅದಕ್ಕೆ ಹಾಕ," ಎಂದಳು ಅವ್ವ. ಈ ಸಲ ನಕ್ಕರು. ದಿನೇಶನೂ, ಬೇಡವೆಂದುಕೊಂಡೇ.

ಕಾಯಿ ಒಡೆದರು. ಎಲೆ ಹಾಕಿದರು. ದಿನೇಶ ಬಡಿಸುತ್ತ ಬಂದು ಮಂಜುನಾಥಪ್ಪನ ಎಲೆಗೆ ಮಾತಿಲ್ಲದೆ ಪಾಯಸ ಹಾಕಿ, ಸಾಕು ಎನ್ನುವ ಮೊದಲೇ ಇನ್ನೊಂದು ಸೌಟು ಹಾಕಿ ಹೋದ. ಕ್ಷಮಿಸಿದ್ದೋ, ಸಿಟ್ಟಿನಲ್ಲಿ ಅಳತೆ ತಪ್ಪಿದ್ದೋ. ಹಿಂದಿರುಗುವಾಗ ದಿಬ್ಬ ಹತ್ತಿ ಸಿಗ್ನಲ್ ಸಿಕ್ಕಲ್ಲಿ ಎಲ್ಲರ ಫೋನುಗಳೂ ಒಮ್ಮೆಗೇ ಸದ್ದು ಮಾಡಿದವು. ಆಶಾ ಪಕ್ಕಕ್ಕೆ ಬಂದು ಕುಳಿತಳು. "ಆ ಗುರುತು ತೆಗೀಲಾ ಅಪ್ಪ?" ಕಾರಣಗಳ ಸಾಲು ಮತ್ತೆ ತೆರೆಯಿತು. ಮಂಜುನಾಥಪ್ಪ ಫೋನನ್ನು ಅವಳ ಕೈಯಿಂದ ತೆಗೆದುಕೊಂಡು, ಆ ಎರಡು ಸಾಲುಗಳ ಕೆಳಗಿದ್ದ, ಸ್ಥಳ ತಪ್ಪಾಗಿದೆ ಎಂಬುದನ್ನು ತಾನೇ ಒತ್ತಿದ. ಸರಿಯಾದ ಸ್ಥಳ ಸೂಚಿಸಿ ಎಂದು ಅದು ಕೇಳಿತು. ಅವನು ಬರೆದ: ಊರು ಎಲ್ಲಿದೆಯೆಂದು ನಮಗೆ ಗೊತ್ತಿಲ್ಲ. ಇದು ಅಲ್ಲ. ಕೊನೆಗೆ ಚುಕ್ಕಿ ಇಟ್ಟು ಕಳಿಸಿದ. ನಿಮ್ಮ ಸಲಹೆಯನ್ನು ಪರಿಶೀಲಿಸುತ್ತೇವೆ, ಎಂದು ಬಂತು. ಧನ್ಯವಾದಗಳು ಎಂದು ಬರೆಯಲು ಜಾಗ ಹುಡುಕಿದ, ಇರಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕತಂಗಿಯರು ಜಗಳವಾಡುತ್ತಿದ್ದರು. ಕೊಟ್ಟಿಗೆ ಮನೆಯ ಹಿಂದಿತ್ತೋ ಪಕ್ಕದಲ್ಲಿತ್ತೋ ಎಂದು. "ನೀ ಸೊಂಟದ್ ಮೇಲಿದ್ದೆ, ನಿಂಗೆಂತ ಗೊತ್ತು?" ಎನ್ನುತ್ತಿದ್ದಳು ಅವ್ವ. "ಸೊಂಟದ್ ಮೇಲಿದ್ರೆ ಇನ್ನೂ ಚೆನ್ನಾಗಿ ಕಾಣ್ತದೆ," ಎನ್ನುತ್ತಿದ್ದಳು ದುರ್ಗಮ್ಮ.

ಆ ವರ್ಷ ನೀರು ಅದಕ್ಕಿಂತ ಕೆಳಗೆ ಇಳಿಯಲಿಲ್ಲ, ಮಳೆ ಬಂತು. ಕೆಂಪು ಗುರುತು ಇನ್ನೂ ಅಲ್ಲೇ ಇದೆ. ಪರಿಶೀಲಿಸಿದವರು ಏನು ತೀರ್ಮಾನಿಸಿದರೋ ತಿಳಿಸಿಲ್ಲ. ಅವ್ವ ಆ ದಿನ ನೀರಿಗಿಳಿದ ಜಾಗದ ಮುಂದೆ ನೇರಲಬೈಲು ಇದೆಯೋ ಇಲ್ಲವೋ ಗೊತ್ತಿಲ್ಲ. ಅವಳು ಈಗ ತಂಗಿಗೆ ಹೇಳುವ ಊರಿನಲ್ಲಿ ಎಷ್ಟು ಅವಳು ಕಂಡದ್ದು, ಎಷ್ಟು ಫೋನು ಕಾಣಿಸಿದ್ದು, ಅದು ಮಂಜುನಾಥಪ್ಪನಿಗೆ ಗೊತ್ತಿಲ್ಲ, ಅವಳಿಗೂ ಗೊತ್ತಿದ್ದಂತಿಲ್ಲ, ಇದನ್ನು ಹೇಳಿದವನಿಗಂತೂ ಗೊತ್ತಿಲ್ಲ.